ಚಾಲಕರಹಿತ ಕಾರು ಮತ್ತು ನಿತ್ಯದ ಯಾಂತ್ರೀಕರಣ: ಅನುಮಾನಪಡುವವರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಾನೇ ಓಡುವ ಕಾರುಗಳ ಬಗ್ಗೆ, ಮನುಷ್ಯನ ತೀರ್ಮಾನವನ್ನು ಯಂತ್ರದ ಕೈಗೆ ಒಪ್ಪಿಸುವ ಇತರ ವ್ಯವಸ್ಥೆಗಳ ಬಗ್ಗೆ ಅನುಮಾನ ತೋರಿದಾಗಲೆಲ್ಲ ಮಾತುಕತೆಗಳಲ್ಲೂ ಪತ್ರಗಳಲ್ಲೂ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ನೀವು ತಂತ್ರಜ್ಞಾನದ ವಿರೋಧಿಯೇ?

ಅಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಯಂತ್ರವೇ ಕೈಗೊಳ್ಳುವ ತೀರ್ಮಾನ. ಅದನ್ನು ತೆಗೆಸಿಹಾಕಬೇಕೆಂದು ನಾನು ಹೇಳುವುದಿಲ್ಲ. ಅದರ ಕೆಲಸ ಸಣ್ಣದು, ಗಡಿ ಸ್ಪಷ್ಟ. ಕೆಟ್ಟರೆ ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಆಗಲೂ ಸಾಮಾನ್ಯ ಬ್ರೇಕ್ ಕೈಬಿಡುವುದಿಲ್ಲ. ನನ್ನ ತಕರಾರು ಬೇರೆ ಕಡೆಗಿದೆ. ಯಂತ್ರ ಮಾಡಲಾರದೆ ಬಿಟ್ಟ ಕೆಲಸ ಯಾರ ತಲೆಗೆ ಬೀಳುತ್ತದೆ, ಯಂತ್ರ ಎಡವಿದಾಗ ಹೊಣೆ ಹೊರುವವರು ಯಾರು ಎಂಬುದನ್ನು ಮಾರುವವರು ಮುಂಚಿತವಾಗಿ ಹೇಳುವುದೇ ಇಲ್ಲ.

ಶೋರೂಮಿನಲ್ಲಿ ‘ಲೆವೆಲ್ 2’ ಕಾರು ಎಂದರು. ಅಂದರೆ ಅದು ತಾನೇ ಓಡುತ್ತದೆಯೇ?

ಓಡುವುದಿಲ್ಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2014ರಲ್ಲಿ ಮೊದಲು ಪ್ರಕಟಿಸಿದ ವರ್ಗೀಕರಣದಲ್ಲಿ ಸೊನ್ನೆಯಿಂದ 5ರವರೆಗೆ ಆರು ಹಂತಗಳಿವೆ. ಎರಡನೆಯ ಹಂತದಲ್ಲಿ ಕಾರು ವೇಗವನ್ನೂ ಸ್ಟಿಯರಿಂಗನ್ನೂ ಸ್ವಲ್ಪಮಟ್ಟಿಗೆ ಸಂಭಾಳಿಸುತ್ತದೆ, ಆದರೆ ರಸ್ತೆಯ ಮೇಲೆ ಕಣ್ಣಿಡುವ ಕೆಲಸ ಪ್ರತಿ ಕ್ಷಣವೂ ನಿಮ್ಮದೇ. ಭಾರತದಲ್ಲಿ 2021ರ ಸುಮಾರಿಗೆ ಎಂಜಿ ಆಸ್ಟರ್, ಮಹೀಂದ್ರ ಎಕ್ಸ್‌ಯುವಿ700 ಮುಂತಾದ ಕಾರುಗಳೊಂದಿಗೆ ಜನಪ್ರಿಯವಾದದ್ದು ಈ ಹಂತ.

ಮೂರನೆಯ ಹಂತದಲ್ಲಿ ಕೆಲವು ಸಂದರ್ಭಗಳ ಮಟ್ಟಿಗೆ ಕಾರೇ ನೋಡಿಕೊಳ್ಳುತ್ತದೆ, ಕರೆದಾಗ ಮನುಷ್ಯ ಕೈ ಹಾಕಬೇಕು. ಮರ್ಸಿಡಿಸ್‌ನ ಇಂಥ ವ್ಯವಸ್ಥೆಗೆ ಜರ್ಮನಿಯಲ್ಲಿ 2021ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಾಗ ಗಂಟೆಗೆ 60 ಕಿ.ಮೀ. ಮಿತಿಯೊಳಗೆ, ಹೆದ್ದಾರಿಯ ದಟ್ಟಣೆಯಲ್ಲಿ ಮಾತ್ರ ಬಳಸಬೇಕೆಂಬ ಕಟ್ಟು ಇತ್ತು. ನಾಲ್ಕನೆಯದರಲ್ಲಿ ಗೊತ್ತುಪಡಿಸಿದ ಪ್ರದೇಶದೊಳಗೆ ಚಾಲಕನೇ ಬೇಕಾಗಿಲ್ಲ. ಅಮೆರಿಕದ ಕೆಲವು ನಗರಗಳಲ್ಲಿ ಓಡುವ ವೇಮೊ ಟ್ಯಾಕ್ಸಿಗಳು ಈ ಬಗೆಯವು. ಎಲ್ಲಿ ಬೇಕಾದರೂ, ಯಾವ ಹವೆಯಲ್ಲಾದರೂ ತಾನೇ ಓಡುವ ಐದನೆಯ ಹಂತದ ಕಾರು ಇಂದಿಗೂ ಯಾರ ಬಳಿಯೂ ಇಲ್ಲ. ಎರಡಕ್ಕೂ ನಾಲ್ಕಕ್ಕೂ ನಡುವೆ ಇರುವುದು ಎರಡು ಮೆಟ್ಟಿಲು ಎಂದುಕೊಂಡವರು ಆ ಅಂತರದಲ್ಲೇ ಮೋಸಹೋಗುತ್ತಾರೆ.

ಇಪ್ಪತ್ತು ವರ್ಷದಿಂದ ‘ಇನ್ನೇನು ಬಂತು’ ಅನ್ನುತ್ತಲೇ ಇದ್ದಾರೆ. ಯಾಕೆ ಬರಲಿಲ್ಲ?

ಸುಲಭವಾದ ಭಾಗ ಬಹಳ ಬೇಗ ಮುಗಿದದ್ದರಿಂದ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಸುಮಾರು 12 ಕಿ.ಮೀ. ಕ್ರಮಿಸಿ ನಿಂತಿತು. ಮರುವರ್ಷವೇ ಐದು ವಾಹನಗಳು ಇಡೀ ದಾರಿ ಮುಗಿಸಿದವು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರು ಗೆದ್ದಿತು. ಒಂದೇ ವರ್ಷದಲ್ಲಿ ಇಷ್ಟು ಜಿಗಿತ ಕಂಡವರು ಉಳಿದದ್ದೂ ಇದೇ ವೇಗದಲ್ಲಿ ಮುಗಿಯುತ್ತದೆ ಎಂದು ನಂಬಿದ್ದು ಸಹಜವೇ.

ಆದರೆ ಆ ಮರುಭೂಮಿಯಲ್ಲಿ ಪಾದಚಾರಿಗಳಿರಲಿಲ್ಲ. 2019ರ ಏಪ್ರಿಲಿನಲ್ಲಿ ಟೆಸ್ಲಾ ಕಾರು ಕಂಪನಿಯ ಇಲಾನ್ ಮಸ್ಕ್, ಮರುವರ್ಷದ ಹೊತ್ತಿಗೆ ಹತ್ತು ಲಕ್ಷ ರೋಬೊಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದರು. ಆ ವರ್ಷ ಬಂದು ಹೋಯಿತು. ಫೋರ್ಡ್ ಮತ್ತು ಫೋಕ್ಸ್‌ವ್ಯಾಗನ್ ಹಣ ಹೂಡಿದ್ದ ಚಾಲಕರಹಿತ ಕಾರಿನ ಕಂಪನಿ ಆರ್ಗೊ ಎಐ 2022ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು, ಆ್ಯಪಲ್ ತನ್ನ ಕಾರಿನ ಯೋಜನೆಯನ್ನು 2024ರಲ್ಲಿ ಕೈಬಿಟ್ಟಿತು, ಅದೇ ವರ್ಷದ ಕೊನೆಗೆ ಜನರಲ್ ಮೋಟಾರ್ಸ್ ತನ್ನ ಚಾಲಕರಹಿತ ಕ್ರೂಸ್ ಟ್ಯಾಕ್ಸಿಗಳಿಗೆ ಹಣ ನಿಲ್ಲಿಸಿತು. ಇವರೆಲ್ಲ ದಡ್ಡರೂ ಅಲ್ಲ, ಬಡವರೂ ಅಲ್ಲ ಎಂಬುದನ್ನು ನೆನಪಿಡಬೇಕು.

ಅಪಘಾತಗಳಲ್ಲಿ ನೂರಕ್ಕೆ 94 ಮನುಷ್ಯನ ತಪ್ಪಿನಿಂದಲೇ ಆಗುವುದಂತೆ. ಮನುಷ್ಯನನ್ನು ತೆಗೆದರೆ ಸಮಸ್ಯೆ ಮುಗಿಯಿತಲ್ಲ?

ಈ ಅಂಕಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ 2015ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ವರದಿಯಿಂದ ಬಂದದ್ದು. ಅದು ಲೆಕ್ಕ ಹಾಕಿದ್ದು ಅಪಘಾತಕ್ಕೆ ಮುಂಚಿನ ಸರಣಿಯಲ್ಲಿ ಕೊನೆಯ ಕೊಂಡಿ ಯಾವುದು ಎಂಬುದನ್ನು. ಅದನ್ನು ಅಪಘಾತದ ಕಾರಣವೆಂದು ತಿಳಿಯಬಾರದು ಎಂದು ಆ ವರದಿಯೇ ಎಚ್ಚರಿಸಿದೆ. ಆ ಎಚ್ಚರಿಕೆ ಉದುರಿಹೋಯಿತು, ಅಂಕಿ ಮಾತ್ರ ಭಾಷಣದಿಂದ ಭಾಷಣಕ್ಕೆ ಹರಿಯಿತು. 2022ರಲ್ಲಿ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೋಮೆಂಡಿ ಈ ಅಂಕಿಯ ಬಳಕೆಯನ್ನು ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು.

ಹೊಂಡ ತಪ್ಪಿಸಲು ಬಲಕ್ಕೆ ಎಳೆದ ಬೈಕ್ ಸವಾರ ಎದುರಿನ ಲಾರಿಗೆ ಸಿಕ್ಕರೆ ಕೊನೆಯ ಕೊಂಡಿ ಅವನೇ. ಹೊಂಡ ತೋಡಿ ಮುಚ್ಚದೆ ಹೋದವರು, ಬೀದಿದೀಪ ಕೆಟ್ಟಿದ್ದರೂ ಸುಮ್ಮನಿದ್ದವರು ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರು, ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಪಾದಚಾರಿಗಳು. ದುಬಾರಿ ಕಾರುಗಳ ಸ್ಟಿಯರಿಂಗ್ ಹಿಂದಿನಿಂದ ಮನುಷ್ಯನನ್ನು ಎಬ್ಬಿಸಿದರೆ ಈ ಲೆಕ್ಕ ಎಷ್ಟು ಇಳಿದೀತು? ಪಾದಚಾರಿ ಮಾರ್ಗ, ವೇಗಮಿತಿ, ಹೆಲ್ಮೆಟ್ ಇವುಗಳಿಗೆ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ. ಅವುಗಳ ಬಗ್ಗೆ ಯಾರಿಗೂ ಉತ್ಸಾಹವಿಲ್ಲ ಅಷ್ಟೆ.

## ಸ್ವಲ್ಪ ಆಳಕ್ಕೆ ಇಳಿದವರು ಕೇಳುವವು

ಕಾರು ಓಡಿಸಲಿ, ಮನುಷ್ಯ ಪಕ್ಕದಲ್ಲಿ ಕೂತು ನೋಡಿಕೊಳ್ಳಲಿ. ಇಬ್ಬರೂ ಇದ್ದರೆ ಇನ್ನೂ ಸುರಕ್ಷಿತ ಅಲ್ಲವೇ?

ಕೇಳಲು ಹಿತವಾದ ಈ ಏರ್ಪಾಡು ಎಲ್ಲಕ್ಕಿಂತ ಅಪಾಯಕಾರಿ ಎಂದು ನನಗೆ ಅನ್ನಿಸುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದರ ಒಳಗಿನ ವಿಪರ್ಯಾಸವನ್ನು ಬರೆದಿಟ್ಟಿದ್ದಾರೆ. ಸುಲಭದ ಕೆಲಸವನ್ನು ಯಂತ್ರ ತೆಗೆದುಕೊಳ್ಳುತ್ತದೆ, ಯಂತ್ರಕ್ಕೂ ಬಗೆಹರಿಯದ ಅತಿ ಕಷ್ಟದ ಗಳಿಗೆ ಮನುಷ್ಯನಿಗೆ ಉಳಿಯುತ್ತದೆ. ಅಷ್ಟು ಹೊತ್ತಿಗೆ ಅವನಿಗೆ ಅಭ್ಯಾಸ ತಪ್ಪಿರುತ್ತದೆ, ಗಮನವೂ ಚದುರಿರುತ್ತದೆ.

2018ರ ಮಾರ್ಚ್ 18ರ ರಾತ್ರಿ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಕಾರಿನ ಸಂವೇದಕಗಳಿಗೆ ಆಕೆ ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಂಡಿದ್ದಳು. ಆದರೆ ತಂತ್ರಾಂಶ ಆಕೆಯನ್ನು ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್ ಎಂದು ಗುರುತು ಬದಲಾಯಿಸುತ್ತ ಹೋಯಿತು. ಪ್ರತಿ ಸಲ ಗುರುತು ಬದಲಾದಾಗಲೂ ಹಿಂದಿನ ಚಲನೆಯ ದಾಖಲೆಯನ್ನು ಕೈಬಿಟ್ಟು, ಆಕೆ ಎತ್ತ ಸಾಗುತ್ತಿದ್ದಾಳೆ ಎಂಬ ಅಂದಾಜನ್ನು ಹೊಸದಾಗಿ ಶುರುಮಾಡಿತು. ಜೀಬ್ರಾ ಪಟ್ಟೆ ಇಲ್ಲದಲ್ಲಿ ಯಾರಾದರೂ ರಸ್ತೆ ದಾಟಬಹುದು ಎಂಬ ಸಾಧ್ಯತೆಯೇ ಅದರ ವಿನ್ಯಾಸದಲ್ಲಿ ಇರಲಿಲ್ಲ. ಊಬರ್ ಬಳಸಿದ್ದು ವೋಲ್ವೊ ಕಾರು; ಅದರ ಮೂಲ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಗಾಗಿ ನಿಷ್ಕ್ರಿಯಗೊಳಿಸಲಾಗಿತ್ತು. ಒಳಗೆ ಕುಳಿತಿದ್ದ ಮೇಲ್ವಿಚಾರಕಿ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದರು.

ಅವರದು ಬೇಜವಾಬ್ದಾರಿ, ನಿಜ. ಆದರೆ ಗಂಟೆಗಟ್ಟಲೆ ಏನೂ ಮಾಡದೆ, ಒಂದು ಸೆಕೆಂಡಿನ ಕೆಲಸಕ್ಕಾಗಿ ಎಚ್ಚರವಾಗಿರು ಎಂದು ಯಾರಿಗೆ ಹೇಳಿದರೂ ಬಹುಕಾಲ ನಡೆಯದು. 2025ರ ಮಾರ್ಚಿನಲ್ಲಿ ಚೀನಾದ ಆನ್‌ಹುಯಿ ಪ್ರಾಂತದ ಹೆದ್ದಾರಿಯಲ್ಲಿ ಶವೋಮಿ ಕಾರು ಕಾಂಕ್ರೀಟ್ ತಡೆಗೆ ಬಡಿದು ಮೂವರು ಯುವತಿಯರು ಸತ್ತ ಪ್ರಕರಣದಲ್ಲೂ ಸಹಾಯಕ ಚಾಲನೆಯಿಂದ ಮನುಷ್ಯನ ಕೈಗೆ ನಿಯಂತ್ರಣ ಬಂದದ್ದು ಡಿಕ್ಕಿಗೆ ಕೆಲವೇ ಸೆಕೆಂಡ್ ಇರುವಾಗ. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನರ ಜೀವ ತೆಗೆದ ಏರ್ ಫ್ರಾನ್ಸ್ ವಿಮಾನದಲ್ಲಿ ಇದ್ದವರಂತೂ ತರಬೇತಾದ ಪೈಲಟ್‌ಗಳು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮಕಣ ಕಟ್ಟಿ ಆಟೊಪೈಲಟ್ ಕಳಚಿಕೊಂಡಾಗ, ಏನಾಗುತ್ತಿದೆ ಎಂಬುದು ಅವರಿಗೂ ಹೊಳೆಯಲಿಲ್ಲ.

ವೇಮೊ ಕಾರುಗಳು ಮನುಷ್ಯನಿಗಿಂತ ಕಡಿಮೆ ಅಪಘಾತ ಮಾಡುತ್ತವೆ ಎಂದು ಸಾಬೀತಾಗಿದೆಯಲ್ಲ?

ಈ ಪ್ರಶ್ನೆಗೆ ಅನುಮಾನಿಗಳು ಪ್ರಾಮಾಣಿಕವಾಗಿ ಉತ್ತರಿಸಬೇಕು. ಒಳಗೆ ಚಾಲಕನಿಲ್ಲದೆ 2025ರ ಜನವರಿಯವರೆಗೆ ಓಡಿದ 5.67 ಕೋಟಿ ಮೈಲಿಗಳ ಲೆಕ್ಕವನ್ನು ವೇಮೊ ಪ್ರಕಟಿಸಿದೆ. ಅದೇ ನಗರಗಳ ಮಾನವ ಚಾಲಕರಿಗೆ ಹೋಲಿಸಿದರೆ ಗಾಯವಾಗುವಂಥ ಅಪಘಾತಗಳು ಅದರಲ್ಲಿ ಬಹಳ ಕಡಿಮೆ. ಬರೆದವರು ಕಂಪನಿಯವರೇ ಆದರೂ ಪ್ರಬಂಧ ವಿದ್ವತ್ ಪರಿಶೀಲನೆಗೆ ಒಳಪಟ್ಟಿದೆ. ಇದನ್ನು ತಳ್ಳಿಹಾಕುವುದು ಮೊಂಡುತನ.

ಸಾವಿನ ಲೆಕ್ಕ ಮಾತ್ರ ಬೇರೆಯೇ. ಅಮೆರಿಕದಲ್ಲಿ ಸುಮಾರು ಹತ್ತು ಕೋಟಿ ಮೈಲಿ ಓಡಾಟಕ್ಕೆ ಒಂದು ಸಾವು ಸಂಭವಿಸುತ್ತದೆ. ಆದ್ದರಿಂದ ಸಾವಿನ ಪ್ರಮಾಣದಲ್ಲಿ ಮನುಷ್ಯನಿಗೆ ಸಮನೆಂದು ಶೇ 95ರ ವಿಶ್ವಾಸದಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿಸಬೇಕು ಎಂದು ಅಲ್ಲಿನ ರ‍್ಯಾಂಡ್ ಸಂಶೋಧನಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. ನಡುವೆ ತಂತ್ರಾಂಶ ಬದಲಾದರೆ ಹಳೆಯ ಮೈಲಿಗಳು ಹೊಸ ತಂತ್ರಾಂಶಕ್ಕೆ ಎಷ್ಟರಮಟ್ಟಿಗೆ ಸಾಕ್ಷಿ ಎಂಬುದು ಮತ್ತೊಂದು ತೊಡಕು. ಜೊತೆಗೆ ವೇಮೊ ಓಡುವ ಫೀನಿಕ್ಸ್ ನಗರದ ಅಗಲ, ಒಣ ರಸ್ತೆಗಳಲ್ಲಿ ಗಳಿಸಿದ ಅಂಕ ಫೀನಿಕ್ಸ್‌ಗೆ ಸಲ್ಲುತ್ತದೆ. ಅದನ್ನು ತೋರಿಸಿ ಬೇರೆ ಊರಿನ ಪರವಾನಗಿ ಕೇಳುವಂತಿಲ್ಲ.

ಅದರೊಳಗೆ ನಿಜವಾಗಿ ಯಾರೂ ಇರುವುದಿಲ್ಲವೇ?

ಒಳಗೆ ಇರುವುದಿಲ್ಲ, ಹೊರಗೆ ಇರುತ್ತಾರೆ. ಕಾರಿಗೆ ದಿಕ್ಕು ತೋಚದಾಗ ದೂರದ ಕಚೇರಿಯಲ್ಲಿ ಕುಳಿತ ಸಿಬ್ಬಂದಿ ಪರದೆಯ ಮೇಲೆ ನೋಡಿ ದಾರಿ ಸೂಚಿಸುತ್ತಾರೆ. ಕ್ರೂಸ್ ಕಾರುಗಳು ಓಡುವ ಹೊತ್ತಿನಲ್ಲಿ ಶೇ 2ರಿಂದ 4ರಷ್ಟು ಸಮಯ ಇಂಥ ನೆರವು ಪಡೆಯುತ್ತಿದ್ದವೆಂದು ಅದರ ಮುಖ್ಯಸ್ಥರೇ 2023ರಲ್ಲಿ ಒಪ್ಪಿಕೊಂಡರು. ಇವರಲ್ಲದೆ ಚಾರ್ಜ್ ಮಾಡುವವರು, ಸೀಟು ಒರೆಸುವವರು, ನಕ್ಷೆ ತಿದ್ದುವವರು, ಲಕ್ಷಾಂತರ ಚಿತ್ರಗಳಲ್ಲಿ ‘ಇದು ನಾಯಿ, ಇದು ಕಸದ ಬುಟ್ಟಿ’ ಎಂದು ಗುರುತು ಹಾಕುವವರು ಇದ್ದಾರೆ. ಈ ಗುರುತು ಹಾಕುವ ಕೆಲಸದ ದೊಡ್ಡ ಪಾಲು ಭಾರತದಂಥ ದೇಶಗಳಲ್ಲಿ ನಡೆಯುತ್ತದೆ.

ಕ್ಯಾಮೆರಾ ಒಂದೇ ಸಾಕೇ, ಲೈಡಾರ್ ಬೇಕೇ?

ಟೆಸ್ಲಾ ಕ್ಯಾಮೆರಾ ಸಾಕೆನ್ನುತ್ತದೆ; ವೇಮೊ ಕ್ಯಾಮೆರಾ, ರೇಡಾರ್, ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್ ಮೂರನ್ನೂ ಬಳಸುತ್ತದೆ. ಒಂದು ಕುರುಡಾದರೆ ಇನ್ನೊಂದು ನೋಡುತ್ತದೆ ಎಂಬ ಎರಡನೆಯ ವಾದ ನನಗೆ ಹೆಚ್ಚು ಒಪ್ಪಿತ. ಆದರೂ ಟೆಂಪಿಯ ಕಾರಿನಲ್ಲಿ ಮೂರೂ ಇದ್ದವು. ಅಲ್ಲಿ ಸೋತದ್ದು ಕಣ್ಣಲ್ಲ, ಕಂಡದ್ದನ್ನು ಅರ್ಥಮಾಡಿಕೊಳ್ಳುವ ಭಾಗ.

ನಮ್ಮ ಮೆಟ್ರೊ ಚಾಲಕನಿಲ್ಲದೆ ಓಡಬಲ್ಲದಂತೆ. ರೈಲಿಗೆ ಆಗುವುದು ಕಾರಿಗೆ ಯಾಕೆ ಆಗಬಾರದು?

ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರಿನಿಂದ ಚಾಲಕರಹಿತ ರೈಲು ಓಡುತ್ತಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದ ರೈಲುಗಳಿಗೂ ಆ ಸಾಮರ್ಥ್ಯವಿದೆ, ಆರಂಭದಲ್ಲಿ ಅವನ್ನು ಲೋಕೊ ಪೈಲಟ್‌ಗಳೊಂದಿಗೇ ಓಡಿಸಲಾಯಿತು. ಅಲ್ಲಿ ಹಳಿಯ ಮೇಲೆ ಹಸು ಬರುವುದಿಲ್ಲ, ಅಡ್ಡರಸ್ತೆಯಿಂದ ಆಟೊ ನುಗ್ಗುವುದಿಲ್ಲ, ಮುಂದಿನ ರೈಲು ಎಲ್ಲಿದೆ ಎಂಬುದು ಸಂಕೇತ ವ್ಯವಸ್ಥೆಗೆ ಸದಾ ಗೊತ್ತು. ಯಂತ್ರಕ್ಕೆ ಬೇಕಾದ ಜಗತ್ತನ್ನು ಮೊದಲು ಕಂಬಗಳ ಮೇಲೆ ಕಟ್ಟಿಕೊಟ್ಟು ಆಮೇಲೆ ಯಂತ್ರವನ್ನು ಓಡಿಸಿದ್ದೇವೆ. ಕಾರಿಗೂ ಅಂಥ ಪ್ರತ್ಯೇಕ ದಾರಿ ಕಟ್ಟಬಹುದು. ಕಟ್ಟುವುದೇ ಆದರೆ ಒಂದು ಕಾರಿಗಿಂತ ಸಾವಿರಾರು ಜನರನ್ನು ಹೊತ್ತ ರೈಲನ್ನು ಅದರ ಮೇಲೆ ಓಡಿಸುವುದೇ ಲೇಸು.

ಬೆಂಗಳೂರಿನ ಟ್ರಾಫಿಕ್ಕಿಗೆ ಈ ಕಾರು ಒಗ್ಗುತ್ತದೆಯೇ?

ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಮೈನಸ್ ಝೀರೊ ಎಂಬ ನವೋದ್ಯಮ 2023ರಲ್ಲಿ ತನ್ನ ವಾಹನವನ್ನು ತೋರಿಸಿತು. ವಿಪ್ರೊ, ಐಐಎಸ್‌ಸಿ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಮಾದರಿ ಕಾರು 2025ರ ಅಕ್ಟೋಬರಿನಲ್ಲಿ ಕಾಲೇಜಿನ ಆವರಣದಲ್ಲಿ ಓಡಿತು. ಇಂಥ ಸಂಶೋಧನೆ ನಡೆಯಲೇಬೇಕು. ಆವರಣದಿಂದ ರಸ್ತೆಗೆ ಇರುವ ದೂರವನ್ನು ಮಾತ್ರ ಗೇಟಿನಿಂದ ಅಳೆಯಬಾರದು.

ಕೆ.ಆರ್. ಮಾರುಕಟ್ಟೆಯ ಬಳಿ ಸಂಜೆ ಆರಕ್ಕೆ ರಸ್ತೆ ದಾಟುವವರನ್ನು ನೋಡಿ. ದಾಟುವವನು ಎಡಗೈ ಚಾಚಿ, ಬಸ್ಸಿನ ಚಾಲಕನ ಮುಖ ನೋಡಿ, ಅವನು ವೇಗ ತಗ್ಗಿಸುತ್ತಾನೆಂದು ಖಾತ್ರಿಯಾದ ಮೇಲೆ ಹೆಜ್ಜೆ ಇಡುತ್ತಾನೆ; ಬೈಕಿನ ಹಿಂದೆ ಕುಳಿತ ಹೆಂಗಸು ಅಂಗೈ ಆಡಿಸಿದರೆ ಅದೇ ಇಂಡಿಕೇಟರ್; ಹಾರ್ನಿನ ಒಂದು ಚಿಕ್ಕ ‘ಪೀ’ಗೆ ‘ನಾನಿದ್ದೇನೆ’ ಎಂದೂ, ಉದ್ದನೆಯದಕ್ಕೆ ‘ಜಾಗ ಬಿಡು’ ಎಂದೂ ಅರ್ಥ. ಯಾವಾಗಲೂ ನಿಂತು ದಾರಿ ಬಿಡುವ ಕಾರು ಇಲ್ಲಿ ನಿಂತಲ್ಲೇ ನಿಲ್ಲುತ್ತದೆ, ನುಗ್ಗುವುದನ್ನು ಕಲಿಸಿದರೆ ಯಾರಿಗೋ ತಗಲುತ್ತದೆ. ಊರು ದಾಟಿದರೆ ಇನ್ನೂ ಕಷ್ಟ. ಸುಗ್ಗಿಯಲ್ಲಿ ಹಳೆ ಮೈಸೂರು ಕಡೆಯ ರಸ್ತೆಗಳಲ್ಲಿ ರಾಗಿ, ಹುರುಳಿಯ ತೆನೆಗಳನ್ನು ವಾಹನಗಳು ತುಳಿದು ಒಕ್ಕಲಿ ಎಂದೇ ಹರಡಿರುತ್ತಾರೆ. ಅದು ಕಾನೂನುಬಾಹಿರ, ಬೈಕ್ ಸವಾರರು ಜಾರಿ ಬಿದ್ದದ್ದೂ ಉಂಟು. ಆದರೆ ಅದು ಅಡ್ಡಿಯೋ ರಸ್ತೆಯೋ ಎಂದು ಯಂತ್ರ ತೀರ್ಮಾನಿಸಬೇಕಲ್ಲ! ರಾತ್ರಿ ಮಂಡ್ಯದ ದಾರಿಯಲ್ಲಿ ಹಿಂದೀಪವಿಲ್ಲದೆ, ಎರಡೂ ಬದಿಗೆ ಕಬ್ಬು ಚಾಚಿಕೊಂಡು ಸಾಗುವ ಟ್ರ್ಯಾಕ್ಟರಿನ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ.

ಚಾಲಕರ ಹೊಟ್ಟೆಪಾಡಿನ ಗತಿಯೇನು?

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಇದೇ ಕಾರಣ ಕೊಟ್ಟು ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲ ಎಂದಿದ್ದಾರೆ. ಕಾಳಜಿ ಸರಿಯಾದದ್ದು. ಆದರೆ ನಮ್ಮಲ್ಲಿ ಚಾಲಕನ ಸಂಬಳ ಸಂವೇದಕಗಳ ಬೆಲೆಗಿಂತ ತೀರ ಕಡಿಮೆ ಇರುವಷ್ಟು ಕಾಲ ಆತನನ್ನು ತೆಗೆಯುವ ಆತುರ ಯಾವ ವ್ಯಾಪಾರಿಗೂ ಇರದು. ಹಾಗೆ ನೋಡಿದರೆ ಚಾಲಕರ ಬದುಕನ್ನು ಯಂತ್ರ ಈಗಾಗಲೇ ಹಿಡಿದಿದೆ. ಯಾವ ಬಾಡಿಗೆ, ಎಷ್ಟು ದರ, ಎಷ್ಟು ಅಂಕ, ಯಾವಾಗ ಖಾತೆ ಬಂದ್ ಎಂಬುದನ್ನೆಲ್ಲ ಫೋನಿನ ಆ್ಯಪ್ ತೀರ್ಮಾನಿಸುತ್ತದೆ. ಬಂದ್ ಆದಾಗ ಮಾತಾಡಲು ಮನುಷ್ಯ ಸಿಗುವುದಿಲ್ಲ.

## ಹೊಣೆ ಮತ್ತು ಕಾನೂನು

ಅಪಘಾತವಾದರೆ ಜೈಲಿಗೆ ಹೋಗುವವರು ಯಾರು?

ಇಲ್ಲಿಯವರೆಗಿನ ಅನುಭವ ಹೇಳುವುದಾದರೆ, ಹತ್ತಿರದಲ್ಲಿ ಸಿಕ್ಕವರು. ಟೆಂಪಿ ಪ್ರಕರಣದಲ್ಲಿ ಊಬರ್ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಗದು ಎಂದು ಸರ್ಕಾರಿ ವಕೀಲರು 2019ರಲ್ಲಿ ತೀರ್ಮಾನಿಸಿದರು. ಒಳಗೆ ಕುಳಿತಿದ್ದ ಮೇಲ್ವಿಚಾರಕಿ 2023ರಲ್ಲಿ ತಪ್ಪೊಪ್ಪಿಕೊಂಡು ಜೈಲಿನ ಬದಲು ಮೂರು ವರ್ಷ ಅಧಿಕಾರಿಗಳ ನಿಗಾದಲ್ಲಿರುವ ಶಿಕ್ಷೆಗೆ ಒಳಗಾದರು. ತುರ್ತು ಬ್ರೇಕನ್ನು ನಿಷ್ಕ್ರಿಯಗೊಳಿಸಲು ನಿರ್ಧರಿಸಿದವರು ಕಟಕಟೆ ಹತ್ತಲಿಲ್ಲ.

ಒಳಗೆ ಯಾರೂ ಇಲ್ಲದಿದ್ದರೆ ಇನ್ನೂ ವಿಚಿತ್ರ. 2025ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊ ಪೊಲೀಸರು ಎದುರಿಗೇ ನಿಯಮ ಮುರಿದು ಯು-ಟರ್ನ್ ಹೊಡೆದ ವೇಮೊ ಕಾರನ್ನು ತಡೆದು ನಿಲ್ಲಿಸಿದರು. ದಂಡದ ಚೀಟಿ ಬರೆಯಲು ಹೋದರೆ ಚಾಲಕನೇ ಇಲ್ಲ. ತಮ್ಮ ಚೀಟಿಯಲ್ಲಿ ರೋಬೊಟ್‌ಗೆ ಒಂದು ಚೌಕವಿಲ್ಲ ಎಂದು ಹೇಳಿಕೆ ಕೊಟ್ಟು ಕಂಪನಿಗೆ ವಿಷಯ ತಿಳಿಸಿ ಕಳುಹಿಸಿದರು.

ಬ್ರಿಟನ್ ಈ ಪ್ರಶ್ನೆಗೆ ನೇರವಾಗಿ ಕೈ ಹಾಕಿದೆ. 2024ರ ಸ್ವಯಂಚಾಲಿತ ವಾಹನ ಕಾಯ್ದೆಯ ಪ್ರಕಾರ, ಅಧಿಕೃತವಾಗಿ ಕಾರು ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಒಳಗೆ ಕುಳಿತವರು ಹೊಣೆಯಲ್ಲ, ಅನುಮತಿ ಪಡೆದ ಸಂಸ್ಥೆ ಹೊಣೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಪರವಾನಗಿಯಿಂದ ದಂಡದವರೆಗೆ ಸ್ಟಿಯರಿಂಗ್ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದೇ ಭಾವಿಸುತ್ತದೆ. 2019ರ ತಿದ್ದುಪಡಿ ಸಂಶೋಧನೆಗಾಗಿ ಕೆಲವು ವಾಹನಗಳಿಗೆ ವಿನಾಯಿತಿ ಕೊಡಲು ಅವಕಾಶ ಮಾಡಿದೆ; ಹೊಣೆಯ ಮಾತು ಅದರಲ್ಲಿ ಬಂದಿಲ್ಲ.

ಕಂಪನಿಗಳು ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳುವುದಿಲ್ಲವೇ?

ತಾಂತ್ರಿಕ ತಪ್ಪನ್ನು ತಿದ್ದಿಕೊಳ್ಳುತ್ತವೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯ ಓಡಿಸುತ್ತಿದ್ದ ಬೇರೊಂದು ಕಾರು ಒಬ್ಬ ಮಹಿಳೆಗೆ ಗುದ್ದಿ, ಆಕೆ ಚಾಲಕರಹಿತ ಕ್ರೂಸ್ ಕಾರಿನ ಮುಂದೆ ಬಿದ್ದರು. ಕ್ರೂಸ್ ಬ್ರೇಕ್ ಹಾಕಿ ನಿಂತಿತು. ಇಷ್ಟರವರೆಗೆ ಅದನ್ನು ದೂರುವಂತಿಲ್ಲ. ಆದರೆ ಆದದ್ದು ಪಕ್ಕದ ಡಿಕ್ಕಿ ಎಂದು ತಪ್ಪಾಗಿ ಗ್ರಹಿಸಿ, ರಸ್ತೆಬದಿಗೆ ಸರಿಯಲು ಮತ್ತೆ ಚಲಿಸಿ, ಅಡಿಯಲ್ಲಿ ಸಿಲುಕಿದ್ದ ಆಕೆಯನ್ನು ಸುಮಾರು ಆರು ಮೀಟರ್ ಎಳೆದೊಯ್ಯಿತು. ಮೊದಲ ವರದಿಯಲ್ಲಿ ಕಂಪನಿ ಈ ಎಳೆದಾಟವನ್ನೇ ಬಿಟ್ಟಿತು. ಕ್ಯಾಲಿಫೋರ್ನಿಯಾ ಅದರ ಅನುಮತಿಯನ್ನು ಅಮಾನತುಗೊಳಿಸಿತು. ಸುಳ್ಳು ವರದಿ ಕೊಟ್ಟದ್ದನ್ನು ಒಪ್ಪಿಕೊಂಡು ಕಂಪನಿ 2024ರಲ್ಲಿ ಐದು ಲಕ್ಷ ಡಾಲರ್ ದಂಡ ಕಟ್ಟಿತು. ತಂತ್ರಾಂಶದ ದೋಷವನ್ನು ಎಂಜಿನಿಯರುಗಳು ಸರಿಪಡಿಸಬಲ್ಲರು, ವರದಿಯಿಂದ ಒಂದು ಸಾಲನ್ನು ಬಿಡುವ ನಿರ್ಧಾರ ಎಂಜಿನಿಯರಿಂಗ್ ಸಮಸ್ಯೆಯಲ್ಲ.

ಕಾರು ಇಲ್ಲಿಗೆ ಬಂದೇ ಇಲ್ಲ. ನಮಗೇಕೆ ಈ ಚಿಂತೆ?

ಕಾರು ಬಂದಿಲ್ಲ, ಅದೇ ರೀತಿಯ ಏರ್ಪಾಡು ಬಂದು ಬಹಳ ದಿನವಾಯಿತು. ನ್ಯಾಯಬೆಲೆ ಅಂಗಡಿಯಲ್ಲಿ ಗಾರೆ ಕೆಲಸದಿಂದ ಬೆರಳು ಸವೆದವರ ಹೆಬ್ಬೆಟ್ಟನ್ನು ಯಂತ್ರ ಗುರುತಿಸದಿದ್ದರೆ ನಾಳೆ ಬರಬೇಕಾದವರು ಅವರೇ. ಕೂಲಿ ತಪ್ಪುವುದೂ ಅವರದೇ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ನಕ್ಷೆ ತೋರಿಸಿದ ದಾರಿ ನಂಬಿ ಹೋದ ಮೂವರು ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಸತ್ತರು. ಅಲ್ಲಿ ಒಂದು ಗಟ್ಟಿ ತಡೆಗೋಡೆ ಇದ್ದಿದ್ದರೆ ನಕ್ಷೆಯ ತಪ್ಪು ಯಾರನ್ನೂ ಕೊಲ್ಲುತ್ತಿರಲಿಲ್ಲ.

ಯುಪಿಐ ಎಷ್ಟು ಸಲೀಸು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರೂ ತಾವು ಮಾರಿದ್ದೇನು ಎಂದು ವಿವರಿಸುವ ಪಾಡಿಗೆ ಬಂದರು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂಬ ಫಲಕ ನೇತುಹಾಕಿದ್ದು ಆಗಲೇ. ಮೊತ್ತ ಕೂಡಿಸುವ ಸುಲಭದ ಕೆಲಸ ಗಣಕಕ್ಕೆ, ಅದು ತಪ್ಪಿದ್ದರೆ ಸಾಬೀತುಪಡಿಸುವ ಕಷ್ಟದ ಕೆಲಸ ಹಾಲಿನಂಗಡಿಯವನಿಗೆ.

ಈ ಹಾದಿಯ ಇನ್ನೊಂದು ತುದಿ ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಕಂಡಿತು. ಫುಜಿತ್ಸು ಒದಗಿಸಿದ ಹೊರೈಜನ್ ತಂತ್ರಾಂಶ ತೋರಿಸಿದ ಸುಳ್ಳು ಕೊರತೆಯನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಅಪರಾಧಿಗಳನ್ನಾಗಿಸಲಾಯಿತು. ಗಣಕ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಭಾವಿಸುವುದು ಅಲ್ಲಿನ ನ್ಯಾಯಾಲಯಗಳ ರೂಢಿ. ಆ ತೀರ್ಪುಗಳನ್ನು ಒಟ್ಟಾಗಿ ರದ್ದುಮಾಡಲು ಸಂಸತ್ತು 2024ರಲ್ಲಿ ಕಾನೂನನ್ನೇ ತರಬೇಕಾಯಿತು.

ಹಾಗಾದರೆ ಹೊಸ ಕಾರು ಕೊಳ್ಳುವಾಗ ಎಡಿಎಎಸ್ (ಚಾಲಕನಿಗೆ ನೆರವಾಗುವ ಸ್ವಯಂಚಾಲಿತ ಸೌಲಭ್ಯಗಳು) ಬೇಡ ಎನ್ನಲೇ?

ಬೇಡವೆನ್ನಬೇಕಿಲ್ಲ. ಮುಂದೆ ಅಡ್ಡಿ ಕಂಡಾಗ ತಾನೇ ಹಿಡಿಯುವ ತುರ್ತು ಬ್ರೇಕ್, ಪಕ್ಕದ ಕುರುಡು ಜಾಗದಲ್ಲಿ ವಾಹನವಿದ್ದರೆ ಎಚ್ಚರಿಸುವ ದೀಪ ಇವು ನಿಜಕ್ಕೂ ಉಪಯುಕ್ತ, ಏಕೆಂದರೆ ಇಲ್ಲಿ ಓಡಿಸುವವರು ನೀವು, ಕಾವಲು ಯಂತ್ರದ್ದು. ಲೇನಿನ ಮಧ್ಯೆ ಕಾರನ್ನು ಹಿಡಿದಿಡುವ ಸೌಲಭ್ಯದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಗೆರೆ ಅಳಿಸಿದ ರಾಜ್ಯ ಹೆದ್ದಾರಿಯಲ್ಲಿ ಅದನ್ನು ಆರಿಸಿಡುವುದೇ ಕ್ಷೇಮ. ಕೊಳ್ಳುವ ಮೊದಲು ಮಾಲೀಕರ ಕೈಪಿಡಿ ತರಿಸಿ, ‘ಈ ವ್ಯವಸ್ಥೆ ಕೆಲಸ ಮಾಡದಿರಬಹುದಾದ ಸಂದರ್ಭಗಳು’ ಎಂಬ ಭಾಗವನ್ನು ಓದಿ. ಮಳೆ, ಮಂಜು, ಎದುರಿನ ಬಿಸಿಲು, ಕೆಸರು ಮೆತ್ತಿದ ಕ್ಯಾಮೆರಾ ಎಲ್ಲವೂ ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ.

ಏನು ತೋರಿಸಿದರೆ ನಿಮ್ಮ ಅನುಮಾನ ಹೋಗುತ್ತದೆ?

ಪ್ರತಿ ಅಪಘಾತದ ಪೂರ್ಣ ದತ್ತಾಂಶ ಕಂಪನಿಯ ಕೈ ದಾಟಿ ಸ್ವತಂತ್ರ ತನಿಖಾ ಸಂಸ್ಥೆಗೆ ತಾನಾಗಿಯೇ ತಲುಪುವಂತಿರಬೇಕು. ದೂರದಿಂದ ಎಷ್ಟು ಸಲ ಮನುಷ್ಯ ನೆರವಾದ ಎಂಬ ಲೆಕ್ಕ ಬಹಿರಂಗವಾಗಬೇಕು. ಜೋರು ಮಳೆಯಲ್ಲಿ, ಜುಲೈ ತಿಂಗಳಿನಲ್ಲಿ, ಶಿರಾಡಿ ಘಾಟಿಯಂಥ ದಾರಿಯಲ್ಲಿ ಲಾರಿಗಳ ನಡುವೆ ಹಗಲೂ ರಾತ್ರಿ ಓಡಿಸಿದ ದಾಖಲೆ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಕಾರಿನ ನೋಂದಣಿ ಪುಸ್ತಕದಲ್ಲಿ ಚಾಲಕನೆಂದು ತಯಾರಕ ಸಂಸ್ಥೆಯ ಹೆಸರೇ ಇರಲಿ, ವಿಮೆಯ ಕಂತನ್ನೂ ಅದೇ ಕಟ್ಟಲಿ. ಇಷ್ಟಕ್ಕೆ ಒಪ್ಪಿ ಸಹಿ ಹಾಕುವ ಕಂಪನಿ ಬಂದರೆ ಅದರ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಲು ನನಗೆ ಅಡ್ಡಿಯಿಲ್ಲ.